ರಾಹುಕಾಲ, ಯಮಗಂಡ, ಗುಳಿಕ: ನಿಮ್ಮ ಊರಿನ ಸಮಯವನ್ನು ನೀವೇ ಲೆಕ್ಕ ಹಾಕುವುದು ಹೇಗೆ?

ಗೋಡೆಯ ಕ್ಯಾಲೆಂಡರ್‌ನಲ್ಲಿ ‘ಶುಕ್ರವಾರ ರಾಹುಕಾಲ 10:30ರಿಂದ 12’ ಎಂದು ಇರುತ್ತದೆ. ಗಡಿಯಾರ 12 ತೋರಿಸಿದ ಕೂಡಲೇ ‘ಹೋಯ್ತು ರಾಹುಕಾಲ’ ಎಂದು ಪೂಜೆಗೆ ಕೂರುತ್ತಾರೆ. ಆದರೆ ಆ ದಿನ, ಆ ಊರಿನಲ್ಲಿ ರಾಹುಕಾಲ ಮುಗಿಯುವುದಕ್ಕೆ ಇನ್ನೂ 20 ನಿಮಿಷ ಇರುತ್ತದೆ. ಇಷ್ಟು ಶ್ರದ್ಧೆಯಿಂದ ಕಾದವರು ಕೊನೆಗೆ ತಪ್ಪಿಸಬೇಕೆಂದಿದ್ದ ಹೊತ್ತಿನಲ್ಲೇ ಕೆಲಸ ಶುರು ಮಾಡಿರುತ್ತಾರೆ.

ನಮ್ಮ ಅಕ್ಕನ ಗೃಹಪ್ರವೇಶದಲ್ಲೂ ಹೀಗೇ ಆಯಿತು. ಅವತ್ತಿನಿಂದ ನೆಂಟರು, ಸ್ನೇಹಿತರು ಯಾರೇ ಕೇಳಿದರೂ ನಾನು ಮೊದಲು ಕೇಳುವುದು ‘ಯಾವ ಊರು, ಯಾವ ತಾರೀಖು’ ಅಂತ. ಅದು ಗೊತ್ತಿಲ್ಲದೆ ರಾಹುಕಾಲ ಹೇಳಲು ಬರುವುದಿಲ್ಲ. ಹೊಸ ಕೆಲಸಕ್ಕೆ ಮೊದಲು ಜನ ನೋಡುವ ರಾಹುಕಾಲ, ಯಮಗಂಡ, ಗುಳಿಕ ಮೂರೂ ಹಗಲಿನ ಎಂಟರಲ್ಲಿ ಒಂದೊಂದು ಭಾಗ. ಲೆಕ್ಕ ಕಷ್ಟದ್ದೇನಲ್ಲ. ಕೂಡುವುದು, ಭಾಗಿಸುವುದು ಬಂದರೆ ಸಾಕು. ಎಡವುವುದು ಹೆಚ್ಚಾಗಿ ಹಂತಗಳನ್ನು ಹಿಂದುಮುಂದು ಮಾಡಿದಾಗ.

## ಮೊದಲು ಇವನ್ನು ಹತ್ತಿರ ಇಟ್ಟುಕೊಳ್ಳಿ

ಒಂದು ಹಾಳೆ, ಪೆನ್ನು, ಫೋನಿನ ಕ್ಯಾಲ್ಕುಲೇಟರ್. ಜೊತೆಗೆ ಈ ವರ್ಷದ ಪಂಚಾಂಗ. ಹಳೆಯ ಪಂಚಾಂಗದಲ್ಲಿ ಸೂರ್ಯೋದಯ ಸಿಗಬಹುದು, ಆದರೆ ನಕ್ಷತ್ರ, ವರ್ಜ್ಯ (ನಕ್ಷತ್ರದಿಂದ ಲೆಕ್ಕ ಹಾಕುವ, ಬಿಡಬೇಕಾದ ಹೊತ್ತು) ಹೊಂದುವುದಿಲ್ಲ.

ಪಂಚಾಂಗದ ಮೊದಲ ಪುಟಗಳಲ್ಲಿ ಅದನ್ನು ಯಾವ ಊರಿಗೆ ಲೆಕ್ಕ ಹಾಕಿದ್ದಾರೆ ಎಂದು ನೋಡಿ. ಇದನ್ನು ತುಂಬಾ ಜನ ನೋಡುವುದೇ ಇಲ್ಲ. ನಿಮ್ಮ ಊರು ಬೇರೆಯಾದರೆ ಸೂರ್ಯೋದಯ, ಸೂರ್ಯಾಸ್ತವನ್ನು ಬೇರೆ ಕಡೆಯಿಂದ ತೆಗೆದುಕೊಳ್ಳಬೇಕು. ಫೋನಿನ ಹವಾಮಾನದ ಆ್ಯಪ್‌ನಲ್ಲಿ ಊರಿನ ಹೆಸರು ಹಾಕಿದರೆ ಸಾಮಾನ್ಯವಾಗಿ ಎರಡೂ ಸಿಗುತ್ತವೆ.

## ಹಂತ 1: ಊರು ಮತ್ತು ವಾರ ಖಚಿತ ಮಾಡಿಕೊಳ್ಳಿ

ಊರು ಅಂದರೆ ಕೆಲಸ ನಡೆಯುವ ಊರು. ನೀವು ಬೆಂಗಳೂರಿನಲ್ಲಿ ಇದ್ದು ಮಂಗಳೂರಿನಲ್ಲಿ ಅಂಗಡಿ ತೆರೆಯುತ್ತಿದ್ದರೆ ಮಂಗಳೂರಿನ ಸೂರ್ಯೋದಯವೇ ಬೇಕು. ಈ ಎರಡು ಊರುಗಳ ನಡುವೆ ಸುಮಾರು 11 ನಿಮಿಷದ ವ್ಯತ್ಯಾಸ ಇದೆ. ಭೂಮಿ ಒಂದು ಡಿಗ್ರಿ ತಿರುಗಲು 4 ನಿಮಿಷ ಬೇಕು. ಮಂಗಳೂರು ಬೆಂಗಳೂರಿಗಿಂತ ಪೌನೆ ಮೂರು ಡಿಗ್ರಿಯಷ್ಟು ಪಶ್ಚಿಮಕ್ಕಿದೆ.

ನೇರ ಉತ್ತರಕ್ಕೆ ಹೋದರೂ ಸಮಯ ಬದಲಾಗುತ್ತದೆ. ಬೀದರ್ ಹೆಚ್ಚೂಕಡಿಮೆ ಬೆಂಗಳೂರಿನ ನೇರದಲ್ಲೇ ಇದೆ. ಆದರೂ ಡಿಸೆಂಬರ್‌ನಲ್ಲಿ ಅಲ್ಲಿ ಹಗಲು ಬೆಂಗಳೂರಿಗಿಂತ ಚಿಕ್ಕದು, ಜೂನ್‌ನಲ್ಲಿ ದೊಡ್ಡದು. ಹಾಗಾಗಿ ‘ಎಲ್ಲಾ ಕರ್ನಾಟಕವೇ ಅಲ್ವಾ’ ಎಂದು ಬಿಟ್ಟುಬಿಡಬೇಡಿ.

ಇನ್ನು ವಾರ. ಪಂಚಾಂಗದ ವಾರ ಶುರುವಾಗುವುದು ಸೂರ್ಯೋದಯಕ್ಕೆ, ರಾತ್ರಿ 12ಕ್ಕಲ್ಲ. ಕ್ಯಾಲೆಂಡರ್ ಪ್ರಕಾರ ಶುಕ್ರವಾರ ಬೆಳಗಿನ ಜಾವ 4:30 ಆಗಿದ್ದರೂ ಪಂಚಾಂಗಕ್ಕೆ ಅದು ಇನ್ನೂ ಗುರುವಾರ. ನಮ್ಮಲ್ಲಿ ರೂಢಿಯಲ್ಲಿರುವ ರಾಹುಕಾಲ ಹಗಲಿನದು. ಆದ್ದರಿಂದ ಇದು ರಾಹುಕಾಲಕ್ಕೆ ತೊಡಕಾಗುವುದಿಲ್ಲ. ಬೆಳಗಿನ ಜಾವದ ಮುಹೂರ್ತಕ್ಕೆ ವಾರ ಬರೆಯುವಾಗ ಮಾತ್ರ ತಪ್ಪುತ್ತದೆ.

## ಹಂತ 2: ಹಗಲಿನ ಉದ್ದವನ್ನು ನಿಮಿಷಕ್ಕೆ ತನ್ನಿ

ಸೂರ್ಯಾಸ್ತದಿಂದ ಸೂರ್ಯೋದಯ ಕಳೆಯಿರಿ. ಕಳೆಯುವ ಮೊದಲು ಸಂಜೆಯ ಸಮಯಕ್ಕೆ 12 ಸೇರಿಸಿ 24 ಗಂಟೆಯ ಲೆಕ್ಕಕ್ಕೆ ತಂದುಕೊಳ್ಳಿ.

ಒಂದು ಉದಾಹರಣೆ. ಜೂನ್ ಕೊನೆಯ ಒಂದು ಶುಕ್ರವಾರ, ಬೆಂಗಳೂರು. ಸೂರ್ಯೋದಯ 5:56, ಸೂರ್ಯಾಸ್ತ 6:48, ಅಂದರೆ 18:48 ಎಂದಿಟ್ಟುಕೊಳ್ಳಿ. ಹಗಲು 12 ಗಂಟೆ 52 ನಿಮಿಷ, ಅಂದರೆ 772 ನಿಮಿಷ.

ಡಿಸೆಂಬರ್ ಕೊನೆಯ ಒಂದು ಸೋಮವಾರ ಸೂರ್ಯೋದಯ 6:38, ಸೂರ್ಯಾಸ್ತ 6:00 ಎಂದಿಟ್ಟುಕೊಂಡರೆ ಹಗಲು 11 ಗಂಟೆ 22 ನಿಮಿಷ, 682 ನಿಮಿಷ. ಒಂದೇ ಊರಿನಲ್ಲಿ ಒಂದೂವರೆ ಗಂಟೆಯ ವ್ಯತ್ಯಾಸ!

ಸಾಂಪ್ರದಾಯಿಕ ಪಂಚಾಂಗದಲ್ಲಿ ‘ದಿನಮಾನ 28-25’ ಎಂಬಂತೆ ಇರುತ್ತದೆ. ಇದನ್ನು 28 ಗಂಟೆ 25 ನಿಮಿಷ ಎಂದು ಓದಿ ಗಾಬರಿಯಾಗುವವರಿದ್ದಾರೆ. ಅದು 28 ಗಳಿಗೆ, 25 ವಿಗಳಿಗೆ. ಒಂದು ಗಳಿಗೆಗೆ 24 ನಿಮಿಷ, ಒಂದು ವಿಗಳಿಗೆಗೆ 24 ಸೆಕೆಂಡ್. 28ನ್ನು 24ರಿಂದ ಗುಣಿಸಿದರೆ 672 ನಿಮಿಷ. 25 ವಿಗಳಿಗೆ ಅಂದರೆ 10 ನಿಮಿಷ. ಒಟ್ಟು 682. ಮೇಲಿನ ಡಿಸೆಂಬರ್ ದಿನದ್ದೇ ಲೆಕ್ಕ.

## ಹಂತ 3: ಎಂಟು ಭಾಗ ಮಾಡಿ ಗೆರೆ ಎಳೆಯಿರಿ

ಬಂದ ನಿಮಿಷವನ್ನು 8ರಿಂದ ಭಾಗಿಸಿ. ಜೂನ್‌ನ ದಿನಕ್ಕೆ ಒಂದು ಭಾಗ 96 ನಿಮಿಷ 30 ಸೆಕೆಂಡ್. ಡಿಸೆಂಬರ್‌ನ ದಿನಕ್ಕೆ 85 ನಿಮಿಷ 15 ಸೆಕೆಂಡ್. ‘ರಾಹುಕಾಲ ಅಂದರೆ ಒಂದೂವರೆ ಗಂಟೆ’ ಎಂಬ ಮಾತು ಹಗಲು ಸರಿಯಾಗಿ 12 ಗಂಟೆ ಇರುವ ದಿನಕ್ಕೆ ಮಾತ್ರ ಸರಿ.

ಸೂರ್ಯೋದಯದಿಂದ ಶುರು ಮಾಡಿ ಒಂದೊಂದೇ ಭಾಗ ಕೂಡಿಸುತ್ತಾ ಸೂರ್ಯಾಸ್ತದವರೆಗೆ ಬರೆಯಿರಿ. ಡಿಸೆಂಬರ್‌ನ ಸೋಮವಾರ ಸೆಕೆಂಡ್ ಬಿಟ್ಟರೆ ಹೀಗೆ ಬರುತ್ತದೆ: 6:38, 8:03, 9:28, 10:54, 12:19, 1:44, 3:09, 4:35, 6:00.

ಕೂಡುವಾಗ ಸೆಕೆಂಡ್‌ಗಳನ್ನು ಬಿಡಬೇಡಿ. ಬರೆಯುವಾಗ ಬಿಟ್ಟರೆ ಸಾಕು. ಮೊದಲೇ 85 ಎಂದು ಮೊಟಕು ಮಾಡಿದರೆ ಕೊನೆಯ ಗೆರೆ ಸೂರ್ಯಾಸ್ತಕ್ಕೆ 2 ನಿಮಿಷ ಮೊದಲೇ ನಿಂತುಬಿಡುತ್ತದೆ.

ಇಲ್ಲೇ ಒಂದು ತಾಳೆ ನೋಡಿ. ನಾಲ್ಕನೇ ಭಾಗ ಮುಗಿಯುವ ಹೊತ್ತು ಹಗಲಿನ ನಟ್ಟನಡು ಆಗಿರಬೇಕು. 6:38ಕ್ಕೂ 6:00ಕ್ಕೂ ನಡು 12:19. ಹೊಂದಿತು. ಇದು ಹೊಂದದಿದ್ದರೆ ಮುಂದಿನ ಹಂತಕ್ಕೆ ಹೋಗಬೇಡಿ, ಎಲ್ಲೋ ಕಳೆಯುವಾಗ ತಪ್ಪಿದ್ದೀರಿ.

## ಹಂತ 4: ವಾರಕ್ಕೆ ಸರಿಯಾದ ಭಾಗ ಆರಿಸಿ

ಮೂರೂ ಕಾಲಗಳು ಪ್ರತಿದಿನ ಬರುತ್ತವೆ. ಯಾವ ಭಾಗದಲ್ಲಿ ಬರುತ್ತವೆ ಎನ್ನುವುದು ವಾರದ ಮೇಲೆ ನಿಂತಿದೆ. ಈ ಪಟ್ಟಿಯನ್ನು ಬರೆದಿಟ್ಟುಕೊಳ್ಳಿ:

- ಭಾನುವಾರ: ರಾಹು 8, ಯಮಗಂಡ 5, ಗುಳಿಕ 7
- ಸೋಮವಾರ: ರಾಹು 2, ಯಮಗಂಡ 4, ಗುಳಿಕ 6
- ಮಂಗಳವಾರ: ರಾಹು 7, ಯಮಗಂಡ 3, ಗುಳಿಕ 5
- ಬುಧವಾರ: ರಾಹು 5, ಯಮಗಂಡ 2, ಗುಳಿಕ 4
- ಗುರುವಾರ: ರಾಹು 6, ಯಮಗಂಡ 1, ಗುಳಿಕ 3
- ಶುಕ್ರವಾರ: ರಾಹು 4, ಯಮಗಂಡ 7, ಗುಳಿಕ 2
- ಶನಿವಾರ: ರಾಹು 3, ಯಮಗಂಡ 6, ಗುಳಿಕ 1

ಬಾಯಿಪಾಠಕ್ಕೆ ಸುಲಭದ ದಾರಿ ಇದೆ. ರಾಹುವಿಗೆ ‘ಸೋ, ಶ, ಶು, ಬು, ಗು, ಮಂ, ಭಾ’ ಎಂದು ಹೇಳಿಕೊಂಡು 2ರಿಂದ 8ರವರೆಗೆ ಎಣಿಸಿ. ಸೋಮವಾರ 2, ಶನಿವಾರ 3, ಹೀಗೆ ಭಾನುವಾರಕ್ಕೆ 8. ಹಗಲಿನ ಮೊದಲ ಭಾಗದಲ್ಲಿ ರಾಹುಕಾಲ ಯಾವ ವಾರವೂ ಬರುವುದಿಲ್ಲ ಎನ್ನುವುದನ್ನು ಗಮನಿಸಿ.

ಗುಳಿಕ ಇನ್ನೂ ಸುಲಭ. ಭಾನುವಾರ 7ರಿಂದ ದಿನಕ್ಕೊಂದು ಇಳಿಯುತ್ತಾ ಶನಿವಾರ 1ಕ್ಕೆ ಬರುತ್ತದೆ. ಯಮಗಂಡ ಭಾನುವಾರ 5ರಿಂದ ಇಳಿದು ಗುರುವಾರ 1 ಆಗುತ್ತದೆ. ಆಮೇಲೆ ಶುಕ್ರವಾರ 7ಕ್ಕೆ ಹಾರಿ ಶನಿವಾರ 6. ಈ ಶುಕ್ರವಾರದ ಜಿಗಿತದಲ್ಲೇ ತಪ್ಪುವವರು ಜಾಸ್ತಿ.

ಈಗ ಜೂನ್‌ನ ಶುಕ್ರವಾರ ನೋಡೋಣ. ರಾಹು ನಾಲ್ಕನೇ ಭಾಗ. ಅದಕ್ಕೂ ಮೊದಲು ಮೂರು ಭಾಗ ಕಳೆದಿರುತ್ತವೆ, ಅಂದರೆ 289 ನಿಮಿಷ 30 ಸೆಕೆಂಡ್. ಅದನ್ನು 5:56ಕ್ಕೆ ಕೂಡಿದರೆ 10:45 ದಾಟುತ್ತದೆ. ಮುಗಿಯುವುದು 12:22ಕ್ಕೆ. ಕ್ಯಾಲೆಂಡರ್ ನಂಬಿ 12:05ಕ್ಕೆ ಶುರು ಮಾಡಿದವರು ರಾಹುಕಾಲದೊಳಗೇ ಇದ್ದರು. ಇತ್ತ 10:30ಕ್ಕೆ ಕೈ ಕಟ್ಟಿ ಕುಳಿತವರು ಕಾಲು ಗಂಟೆ ಸುಮ್ನೆ ಕಾದರು.

ನಾಲ್ಕನೇ ಭಾಗ ಎಂದರೆ ನಾಲ್ಕು ಭಾಗ ಕೂಡಿಸಿ ಅಲ್ಲಿಂದ ಶುರು ಮಾಡುವುದಲ್ಲ. ಮೂರು ಕೂಡಿಸಿದರೆ ಶುರು, ನಾಲ್ಕು ಕೂಡಿಸಿದರೆ ಕೊನೆ. ನನ್ನನ್ನು ಕೇಳಿದವರಲ್ಲಿ ಅರ್ಧಕ್ಕರ್ಧ ಜನ ಎಡವಿದ್ದು ಇಲ್ಲೇ.

## ಹಂತ 5: ದುರ್ಮುಹೂರ್ತ ಸೇರಿಸಿ

ದುರ್ಮುಹೂರ್ತ ಅಂದರೆ ಆಯಾ ವಾರ ಒಳ್ಳೆಯ ಕೆಲಸಕ್ಕೆ ಬಿಡಬೇಕಾದ ಮುಹೂರ್ತ. ಇದಕ್ಕೆ ಅದೇ ಹಗಲನ್ನು 8ರ ಬದಲು 15ರಿಂದ ಭಾಗಿಸಬೇಕು. ಒಂದೊಂದು ಭಾಗ ಒಂದು ಮುಹೂರ್ತ, ಸುಮಾರು 48 ನಿಮಿಷ. ಹಂತ 3ರ ಗೆರೆಗಳನ್ನೇ ಇಲ್ಲಿ ಬಳಸಬೇಡಿ, ಹೊಸದಾಗಿ ಎಳೆಯಿರಿ.

ಭಾನುವಾರ 14ನೆಯದು. ಸೋಮವಾರ 9 ಮತ್ತು 12. ಮಂಗಳವಾರ ಹಗಲಲ್ಲಿ 4, ಜೊತೆಗೆ ರಾತ್ರಿಯ 7ನೆಯದು. ಬುಧವಾರ 8. ಗುರುವಾರ 6 ಮತ್ತು 12. ಶುಕ್ರವಾರ 4 ಮತ್ತು 9. ಶನಿವಾರ ಮೊದಲ ಎರಡು. ನಿಮ್ಮ ಮನೆಯ ಪಂಚಾಂಗದಲ್ಲಿ ಬೇರೆ ಕ್ರಮ ಕೊಟ್ಟಿದ್ದರೆ ಅದನ್ನೇ ಹಿಡಿಯಿರಿ, ಎರಡನ್ನೂ ಬೆರೆಸಬೇಡಿ.

ಎಂಟನೇ ಮುಹೂರ್ತವೇ ಅಭಿಜಿತ್. ಬೇರೆ ವಾರಗಳಲ್ಲಿ ಒಳ್ಳೆಯದು ಎನ್ನುವ ಈ ಹೊತ್ತು ಬುಧವಾರ ದುರ್ಮುಹೂರ್ತವಾಗುತ್ತದೆ. ‘ಏನೂ ಸಿಗದಿದ್ದರೆ ಅಭಿಜಿತ್ ಇದ್ದೇ ಇದೆ’ ಎಂದುಕೊಂಡವರು ಬುಧವಾರ ಅದನ್ನು ಬಿಡಬೇಕು.

## ಹಂತ 6: ವರ್ಜ್ಯ ನೋಡಿ

ಇಲ್ಲಿಯವರೆಗಿನದೆಲ್ಲಾ ಸೂರ್ಯ ಮತ್ತು ವಾರದ ಲೆಕ್ಕ. ವರ್ಜ್ಯ ನಕ್ಷತ್ರದ ಲೆಕ್ಕ. ಆದ್ದರಿಂದ ಅದು ಹಗಲಿನಲ್ಲೇ ಬರಬೇಕೆಂದಿಲ್ಲ, ರಾತ್ರಿಯೂ ಬರಬಹುದು. ಒಂದೇ ದಿನ ಎರಡು ಸಲವೂ ಬರಬಹುದು, ಬಾರದೆಯೂ ಇರಬಹುದು.

ಪ್ರತಿ ನಕ್ಷತ್ರಕ್ಕೂ ಅದು ಶುರುವಾಗಿ ಇಷ್ಟು ಗಳಿಗೆಯಾದ ಮೇಲೆ ನಾಲ್ಕು ಗಳಿಗೆ ವರ್ಜ್ಯ ಎಂದಿದೆ. ರೋಹಿಣಿಗೆ 40 ಗಳಿಗೆಯ ನಂತರ. ಆದರೆ ಇದು ನಕ್ಷತ್ರ ಸರಿಯಾಗಿ 60 ಗಳಿಗೆ ನಡೆದಾಗಿನ ಮಾತು. ಚಂದ್ರನ ವೇಗ ದಿನದಿನಕ್ಕೂ ಬೇರೆ. ರೋಹಿಣಿ 63 ಗಳಿಗೆ ನಡೆದರೆ ವರ್ಜ್ಯ 42 ಗಳಿಗೆಗೆ, ಅಂದರೆ ನಕ್ಷತ್ರ ಶುರುವಾಗಿ 16 ಗಂಟೆ 48 ನಿಮಿಷಕ್ಕೆ ಬರುತ್ತದೆ. ಅವಧಿಯೂ 96 ನಿಮಿಷದ ಬದಲು 101 ನಿಮಿಷದ ಹತ್ತಿರ.

ಈ ಒಂದು ಲೆಕ್ಕವನ್ನು ನೀವು ಮಾಡಬೇಡಿ ಎಂದೇ ನಾನು ಹೇಳುತ್ತೇನೆ. ಪಂಚಾಂಗದಲ್ಲಿ ಸಿದ್ಧವಾಗಿ ಕೊಟ್ಟಿರುತ್ತಾರೆ, ಅದನ್ನು ಸರಿಯಾಗಿ ಓದಿದರೆ ಸಾಕು. ಗಳಿಗೆಯಲ್ಲಿ ಕೊಟ್ಟಿದ್ದರೆ ಸೂರ್ಯೋದಯದಿಂದ ಎಣಿಸಿ. ‘ವರ್ಜ್ಯ 12-30’ ಎಂದಿದ್ದರೆ ಮಧ್ಯಾಹ್ನ ಹನ್ನೆರಡೂವರೆ ಎಂದು ಓದಬೇಡಿ. ಹನ್ನೆರಡೂವರೆ ಗಳಿಗೆ ಅಂದರೆ 300 ನಿಮಿಷ, 5 ಗಂಟೆ. ಸೂರ್ಯೋದಯ 6:20 ಆಗಿದ್ದರೆ ವರ್ಜ್ಯ 11:20ಕ್ಕೆ. ಇನ್ನು ಕೆಲವು ಪಂಚಾಂಗಗಳಲ್ಲಿ ‘26:14’ ಎಂದು ಕಾಣುತ್ತದೆ. ಅದು ಮುದ್ರಣದ ತಪ್ಪಲ್ಲ. 24 ಕಳೆಯಿರಿ, ಆ ರಾತ್ರಿ ಕಳೆದು 2:14.

## ಹಂತ 7: ಉಳಿದ ಹೊತ್ತನ್ನು ಹುಡುಕಿ

ಹಾಳೆಯ ಮೇಲೆ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ಒಂದು ಉದ್ದ ಗೆರೆ ಎಳೆಯಿರಿ. ಬಿಡಬೇಕಾದ ಹೊತ್ತುಗಳನ್ನೆಲ್ಲಾ ಅದರ ಮೇಲೆ ಕಪ್ಪು ಮಾಡಿ. ಹೊತ್ತುಗಳು ಒಂದರ ಮೇಲೊಂದು ಬಿದ್ದದ್ದು ಪಟ್ಟಿಯಲ್ಲಿ ಕಾಣದಿದ್ದರೂ ಗೆರೆಯ ಮೇಲೆ ಕಣ್ಣಿಗೆ ಬೀಳುತ್ತದೆ.

ಡಿಸೆಂಬರ್‌ನ ಆ ಸೋಮವಾರವನ್ನೇ ತೆಗೆದುಕೊಳ್ಳೋಣ. ರಾಹುಕಾಲ 8:03ರಿಂದ 9:28. ಯಮಗಂಡ 10:54ರಿಂದ 12:19. ಗುಳಿಕ 1:44ರಿಂದ 3:09. ಒಂದು ಮುಹೂರ್ತ 45 ನಿಮಿಷ 28 ಸೆಕೆಂಡ್ ಆಗುವುದರಿಂದ ದುರ್ಮುಹೂರ್ತ 12:42ರಿಂದ 1:27, ಮತ್ತೆ 2:58ರಿಂದ 3:44. ವರ್ಜ್ಯ ಸಂಜೆ 4:10ರಿಂದ 5:40 ಎಂದಿಟ್ಟುಕೊಳ್ಳಿ.

ಉಳಿದದ್ದೇನು? ಬೆಳಗ್ಗೆ 8:03ರವರೆಗೆ, ಆಮೇಲೆ 9:29ರಿಂದ 10:53. ನಡುವೆ 12:20ರಿಂದ 12:41ರ ಸಣ್ಣ ಕಿಂಡಿ. ಅದು ಅಭಿಜಿತ್‌ನೊಳಗೇ ಬೀಳುತ್ತದೆ. ಇನ್ನುಳಿದ ಮಧ್ಯಾಹ್ನದ ಚೂರುಗಳೂ ಹೀಗೇ ಸಣ್ಣವು.

ನಾನಾದರೆ 9:35ರಿಂದ 10:45 ಎಂದು ಬರೆದುಕೊಡುತ್ತೇನೆ. ಎರಡೂ ಕಡೆ 5 ನಿಮಿಷವಾದರೂ ಬಿಡಬೇಕು. ಸೂರ್ಯನ ಮೇಲಂಚು ಕಂಡಾಗ ಉದಯ ಎನ್ನುವ ಲೆಕ್ಕವೂ ಇದೆ, ನಡುಬಿಂಬ ಕಂಡಾಗ ಎನ್ನುವ ಲೆಕ್ಕವೂ ಇದೆ. ಇದರಿಂದಲೇ ಎರಡು ಪಂಚಾಂಗಗಳ ನಡುವೆ ಕೆಲವು ನಿಮಿಷ ಹಿಂದುಮುಂದಾಗುತ್ತದೆ. 2 ನಿಮಿಷಕ್ಕಾಗಿ ಯಾವುದು ಸರಿ ಎಂದು ಜಗಳವಾಡುವ ಬದಲು ಅಂಚು ಬಿಟ್ಟುಬಿಡಿ.

ಹೀಗೆ ಉಳಿದ ಹೊತ್ತು ಕೆಟ್ಟದ್ದಲ್ಲ ಅಷ್ಟೇ, ಅದೇ ಶುಭ ಮುಹೂರ್ತ ಆಗಿಬಿಡುವುದಿಲ್ಲ. ಮದುವೆ, ಉಪನಯನ, ಗೃಹಪ್ರವೇಶಕ್ಕೆ ತಿಥಿ, ನಕ್ಷತ್ರ, ಲಗ್ನ ಎಲ್ಲಾ ಕೂಡಿಬರಬೇಕು. ಅದಕ್ಕೆ ಪುರೋಹಿತರನ್ನೇ ಕೇಳಿ. ಗಾಡಿ ತರುವುದು, ಅಡ್ವಾನ್ಸ್ ಕೊಡುವುದು, ಪ್ರಯಾಣ ಹೊರಡುವುದು, ಇಂಥವಕ್ಕೆ ಈ ಗೆರೆ ಸಾಕು.

## ಯಾವುದಕ್ಕೆ ಯಾವುದನ್ನು ಬಿಡಬೇಕು?

ರಾಹುಕಾಲದಲ್ಲಿ ಹೊಸದನ್ನು ಶುರು ಮಾಡುವುದಿಲ್ಲ. ಮೊದಲೇ ಶುರುವಾದದ್ದನ್ನು ಮುಂದುವರಿಸಲು ಅಡ್ಡಿಯಿಲ್ಲ. ಯಮಗಂಡಕ್ಕೂ ಇದೇ ರೂಢಿ. ಯಮಗಂಡಕ್ಕೂ ಇದೇ ರೂಢಿ. ಪ್ರಯಾಣ, ಹಣದ ವ್ಯವಹಾರ ಶುರು ಮಾಡಲು ಅದನ್ನು ಹೆಚ್ಚಾಗಿ ಬಿಡುತ್ತಾರೆ.

ಗುಳಿಕ ಬೇರೆ. ಆ ಹೊತ್ತಿನಲ್ಲಿ ಮಾಡಿದ್ದು ಮತ್ತೆ ಮತ್ತೆ ಬರುತ್ತದೆ ಎನ್ನುವ ನಂಬಿಕೆ ಇದೆ. ಹಾಗಾಗಿ ಉತ್ತರಕ್ರಿಯೆಯಂಥ ಕೆಲಸ, ಸಾಲ ತರುವುದನ್ನು ಅದರಲ್ಲಿ ಮಾಡುವುದಿಲ್ಲ. ಚಿನ್ನ ಕೊಳ್ಳಲು, ಉಳಿತಾಯಕ್ಕೆ ಹಣ ಕಟ್ಟಲು ಅದೇ ಹೊತ್ತನ್ನು ಹುಡುಕಿ ಹೋಗುವವರೂ ಇದ್ದಾರೆ. ಮೂರನ್ನೂ ಒಂದೇ ತಕ್ಕಡಿಯಲ್ಲಿ ತೂಗಿದರೆ ದಿನದಲ್ಲಿ ಹೊತ್ತೇ ಉಳಿಯುವುದಿಲ್ಲ.

ದುರ್ಗೆಯ ಗುಡಿಗಳಲ್ಲಿ ಮಂಗಳವಾರ, ಶುಕ್ರವಾರ ನಿಂಬೆಹಣ್ಣಿನ ದೀಪ ಹಚ್ಚುವುದು ರಾಹುಕಾಲದಲ್ಲೇ. ಅದಕ್ಕೂ ಗುಡಿ ಇರುವ ಊರಿನ ಸಮಯ ತೆಗೆದುಕೊಂಡು ಹೋಗಿ. ಗುಡಿಯಲ್ಲಿ ಗಡಿಯಾರದ ಸಮಯವನ್ನೇ ಪಾಲಿಸುತ್ತಿದ್ದರೆ ಅಲ್ಲಿಯ ಪದ್ಧತಿಯಂತೆ ನಡೆಯಿರಿ.

## ಲೆಕ್ಕ ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ಸಮಯ ತೀರಾ ನೀಟಾಗಿದ್ದರೆ ಅನುಮಾನಿಸಿ. ಆ್ಯಪ್ ವರ್ಷವಿಡೀ ಶುಕ್ರವಾರಕ್ಕೆ 10:30–12:00 ಎಂದೇ ತೋರಿಸಿದರೆ ಅದು ಸೂರ್ಯೋದಯ 6ಕ್ಕೆ, ಸೂರ್ಯಾಸ್ತ 6ಕ್ಕೆ ಎಂದು ಹಿಡಿದ ಪಟ್ಟಿಯನ್ನು ಹಾಗೇ ಇಟ್ಟಿದೆ. ಬೆಂಗಳೂರಿನಲ್ಲಿ ಹಗಲಿನ ನಡು ವರ್ಷದ ಎಲ್ಲಾ ದಿನವೂ 12 ದಾಟಿದ ಮೇಲೆಯೇ ಬರುತ್ತದೆ. ನಮ್ಮ ಗಡಿಯಾರಗಳು ನಡೆಯುವುದು 82.5 ಡಿಗ್ರಿ ರೇಖಾಂಶದ ಸಮಯಕ್ಕೆ, ಬೆಂಗಳೂರು ಅದಕ್ಕಿಂತ ಸುಮಾರು 5 ಡಿಗ್ರಿ ಪಶ್ಚಿಮಕ್ಕಿದೆ.

ಆ್ಯಪ್‌ನಲ್ಲಿ ಊರಿನ ಹೆಸರು ನೋಡಿ. ಲೊಕೇಶನ್ ಆಫ್ ಇದ್ದರೆ ಆ್ಯಪ್ ಬೇರೆ ಯಾವುದೋ ಊರಿನ ಸಮಯ ತೋರಿಸುತ್ತಿರಬಹುದು. ಪ್ರಯಾಣದಲ್ಲಿದ್ದಾಗ ಇದು ಇನ್ನೂ ಜಾಸ್ತಿ.

ಮೂರು ಕಾಲಗಳಲ್ಲಿ ಎರಡು ಒಂದೇ ಭಾಗಕ್ಕೆ ಬಿದ್ದರೆ ಪಟ್ಟಿ ತಪ್ಪಾಗಿ ಓದಿದ್ದೀರಿ. ಯಾವ ವಾರವೂ ಅವು ಒಂದರ ಮೇಲೊಂದು ಬರುವುದಿಲ್ಲ. ದುರ್ಮುಹೂರ್ತ, ವರ್ಜ್ಯ ಮಾತ್ರ ಇವುಗಳ ಮೇಲೆ ಬೀಳಬಹುದು.

ವಿದೇಶದಲ್ಲಿರುವ ಮಕ್ಕಳಿಗೆ ಇಲ್ಲಿಯ ಸಮಯ ಹೇಳಿಕಳಿಸಬೇಡಿ. ಜೂನ್‌ನಲ್ಲಿ ಲಂಡನ್‌ನ ಹಗಲು 16 ಗಂಟೆಗೂ ಹೆಚ್ಚು. ಅಲ್ಲಿ ರಾಹುಕಾಲವೇ 2 ಗಂಟೆ ದಾಟುತ್ತದೆ. ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ. ಸೂರ್ಯೋದಯದ ಸಮಯದಲ್ಲಿ ಆ ಒಂದು ಗಂಟೆ ಸೇರಿದೆಯೋ ಇಲ್ಲವೋ ನೋಡಿಕೊಳ್ಳಲು ಹೇಳಿ.

ಆಸ್ಪತ್ರೆಗೆ ಹೊರಡುವ ಮೊದಲು ಯಾರಾದರೂ ಕ್ಯಾಲೆಂಡರ್ ನೋಡುತ್ತಿದ್ದರೆ ತಡೆಯಿರಿ. ಎದೆನೋವು, ಹೆರಿಗೆ ನೋವು, ಅಪಘಾತ, ವೈದ್ಯರು ಹೇಳಿದ ಹೊತ್ತಿಗೆ ಕೊಡಬೇಕಾದ ಔಷಧಿ, ಇವುಗಳಿಗೆ ಈ ಹಾಳೆಯಲ್ಲಿ ಜಾಗವಿಲ್ಲ. ರಾಹುಕಾಲ ಹೊಸ ಶುಭಕಾರ್ಯ ಶುರು ಮಾಡುವವರಿಗೆ ಹೇಳಿದ್ದು. ಮೊದಲು 108ಕ್ಕೆ ಕರೆ ಮಾಡಿ.

## ಹೊತ್ತು ಮೀರಿಹೋದರೆ

ಪುರೋಹಿತರು ಬರುವುದು ತಡವಾಯಿತು, ಟ್ರಾಫಿಕ್‌ನಲ್ಲಿ ಗಾಡಿ ಸಿಕ್ಕಿಬಿತ್ತು, 10:45 ದಾಟಿಹೋಯಿತು. ಇಂಥ ಗಡಿಬಿಡಿಯಲ್ಲಿ ಜನ ಯಮಗಂಡದೊಳಗೇ ಕೆಲಸ ಶುರು ಮಾಡಿಬಿಡುತ್ತಾರೆ. ಅದಕ್ಕೇ ಹಾಳೆಯ ಕೆಳಗೆ ಎರಡನೇ ಹೊತ್ತನ್ನೂ ಮೊದಲೇ ಬರೆದಿಡಿ. ಮೇಲಿನ ಸೋಮವಾರಕ್ಕೆ ಅದು 12:25ರಿಂದ 12:35.

ಹತ್ತು ನಿಮಿಷ ಸಾಕಾಗುತ್ತದೆಯೇ? ಶುರು ಮಾಡುವುದಕ್ಕೆ ಸಾಕು. ದೀಪ ಹಚ್ಚಿ ಸಂಕಲ್ಪ ಮಾಡಿ, ಅಥವಾ ಹೊಸ ಲೆಕ್ಕದ ಪುಸ್ತಕದಲ್ಲಿ ಮೊದಲ ಸಾಲು ಬರೆಯಿರಿ, ಇಲ್ಲವೇ ಗಾಡಿಯನ್ನು ನಾಲ್ಕು ಹೆಜ್ಜೆ ಮುಂದೆ ಓಡಿಸಿ ನಿಲ್ಲಿಸಿ. ಉಳಿದದ್ದನ್ನು ಊಟವಾದ ಮೇಲೆ ನಿಧಾನಕ್ಕೆ ಮಾಡಬಹುದು.